61 ಪಾಯಿಂಟು

ಕಳೆದ ತಿಂಗಳು ಒಂದು ಶನಿವಾರ, ಸಿಂಗಪುರದ ಈಸ್ಟ್ ಕೋಸ್ಟ್ ದಡದಲ್ಲಿ ಮೊಸರನ್ನದ ಡಬ್ಬಿ ಹಿಡಿದು ಕೂತಿದ್ದೆ. ಬೆಳಿಗ್ಗೆಯೆಲ್ಲ ಗುಡುಗು. ಕೆಂಪು-ಬಿಳಿ ಪಟ್ಟೆಯ ಬಾವುಟ ಏರಿಸಿ ಮಕ್ಕಳ ಹಾಯಿದೋಣಿ ರೇಸ್ ಮುಂದಕ್ಕೆ ಹಾಕಿದ್ದರು. ಹನ್ನೆರಡು ಗಂಟೆಯ ಮೇಲೆ ಮಕ್ಕಳನ್ನು ನೀರಿಗೆ ಬಿಟ್ಟರು. ದೂರದಲ್ಲಿ ಲಂಗರು ಹಾಕಿದ ಹಡಗುಗಳ ಸಾಲು, ಅದರ ಮುಂದೆ 60 ಪುಟ್ಟ ಬಿಳಿ ಹಾಯಿ. ನಮ್ಮ ಮಗಳದು ಯಾವುದು ಅಂತ ಬೈನಾಕ್ಯುಲರ್ ಹಿಡಿದರೂ ಗೊತ್ತಾಗಲಿಲ್ಲ. ಕ್ರಿಕೆಟ್ ಆದರೆ ಗೆರೆಯಾಚೆ ನಿಂತು ಕೂಗಬಹುದು. ಇಲ್ಲಿ ಕೂಗಿದರೆ ಕೇಳುವುದು ಪಕ್ಕದ ಅಪ್ಪ-ಅಮ್ಮಂದಿರಿಗೆ ಮಾತ್ರ.

ಈ ದೋಣಿಗೆ ಆಪ್ಟಿಮಿಸ್ಟ್ ಅಂತ ಹೆಸರು. ಒಂದೇ ಹಾಯಿ, ಒಂದೇ ಮಗು. ಉದ್ದ 2.36 ಮೀಟರ್, ಬರಿದೋಣಿಯ ತೂಕ 35 ಕಿಲೋ. 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ಇದನ್ನು ಮಾಡಿದ್ದು. ಕಡಿಮೆ ಖರ್ಚಲ್ಲಿ, 8 ಅಡಿಯ ಪ್ಲೈವುಡ್ ಹಾಳೆಯಲ್ಲೇ ಮುಗಿಯಬೇಕಿತ್ತು. ಅದಕ್ಕೇ ಮೂತಿ ಮೊಂಡು. ಮೊದಲ ಸಲ ನೋಡಿದಾಗ ದನಕ್ಕೆ ನೀರಿಡುವ ಬಾನಿ ನೆನಪಾಗಿ ನಕ್ಕಿದ್ದೆ. 15 ವಯಸ್ಸಿನವರೆಗೆ ಇದರಲ್ಲಿ ಸ್ಪರ್ಧೆ, ಆಮೇಲೆ ಐಎಲ್‌ಸಿಎ ತರಹದ, ಇದಕ್ಕಿಂತ ಉದ್ದದ ಹಾಯಿದೋಣಿಗಳು.

ಪಾಯಿಂಟಿನ ಲೆಕ್ಕ ಉಲ್ಟಾ. ಮೊದಲು ಬಂದವರಿಗೆ 1, ಎರಡನೆಯವರಿಗೆ 2. ಕಡಿಮೆ ಇದ್ದವರು ಗೆದ್ದಂತೆ. ಸಾಕಷ್ಟು ರೇಸ್ ನಡೆದರೆ ಅತಿ ಕೆಟ್ಟದ್ದೊಂದನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭೋಪಾಲದ ಕೆರೆಯಲ್ಲಿ ಕಲಿತ ನೇಹಾ ಠಾಕೂರ್ ಒಟ್ಟು 32 ಪಾಯಿಂಟು ಮಾಡಿ, ಒಂದು ರೇಸಿನ 5 ಬಿಟ್ಟು, 27ಕ್ಕೆ ಬೆಳ್ಳಿ ಗೆದ್ದಳು. ಕಂಚು ಗೆದ್ದದ್ದು ಸಿಂಗಪುರದ ಹುಡುಗಿ, 28ಕ್ಕೆ. ಒಂದೇ ಪಾಯಿಂಟು! ಆ ದಿನ ಯಾರ ಕಡೆ ಚಪ್ಪಾಳೆ ಅಂತ ನಮ್ಮನೆಯಲ್ಲೇ ಜಗಳ.

ಇರಲಿ, ಶನಿವಾರಕ್ಕೆ ಬರೋಣ. ಸಂಜೆ ದಡಕ್ಕೆ ಬಂದ ಮಗಳು ಊಟಕ್ಕೂ ಕೂರಲಿಲ್ಲ. 'ಪ್ರೊಟೆಸ್ಟ್ ಇದೆ' ಅಂದಳು, ಅಂದರೆ ದೂರಿನ ವಿಚಾರಣೆ. ಬಲಗಡೆಯಿಂದ ಗಾಳಿ ಪಡೆಯುವ ದೋಣಿಗೆ ಎಡಗಡೆಯಿಂದ ಪಡೆಯುವ ದೋಣಿ ದಾರಿ ಬಿಡಬೇಕು. ಬಿಡದಿದ್ದರೆ ತಪ್ಪು ಮಾಡಿದವರೇ ಅಲ್ಲೇ ಎರಡು ಸುತ್ತು ತಿರುಗಿ ಮುಂದೆ ಹೋಗಬೇಕು. ಪ್ರತಿ ದೋಣಿಯ ಹಿಂದೆ ಅಂಪೈರ್ ಇರುವುದಿಲ್ಲ. ಇವಳು ತಿರುಗಿರಲಿಲ್ಲ, ತಾನು ಸರಿ ಅಂತಲೇ ನಂಬಿದ್ದಳು. ಇನ್ನೊಬ್ಬ ಹುಡುಗ 'ಪ್ರೊಟೆಸ್ಟ್' ಅಂತ ಕೂಗಿದ್ದ.

ನಾನೂ ವಿಚಾರಣೆಯ ಕೋಣೆಯೊಳಗೆ ಹೋಗಿ ಮಾತಾಡಲು ಹೊರಟೆ. ಬಾಗಿಲಲ್ಲೇ ತಡೆದರು, ಮಕ್ಕಳು ತಾವೇ ಹೇಳಿಕೊಳ್ಳಬೇಕಂತೆ. ಕಿಟಕಿಯಿಂದ ಕಂಡಿತು: ಹನ್ನೊಂದು ವರ್ಷದವಳು, ಕೂದಲೆಲ್ಲ ಉಪ್ಪು, ಮೇಜಿನ ಮೇಲೆ ಬೆರಳುದ್ದದ ಆಟದ ದೋಣಿಗಳನ್ನು ಸರಿಸುತ್ತಾ ಮೂರು ಜನ ದೊಡ್ಡವರಿಗೆ ವಿವರಿಸುತ್ತಿದ್ದಾಳೆ. ಆ ಹುಡುಗ ತನ್ನ ಸರದಿಯಲ್ಲಿ ಅದೇ ದೋಣಿಗಳನ್ನು ಬೇರೆ ತರಹ ಸರಿಸಿದ. ಇವಳು ಬಗ್ಗಿ ನೋಡಿದಳು. ಕೈ ಅಲ್ಲೇ ನಿಂತಿತು.

ಹೊರಗೆ ಬಂದು, 'ಅಮ್ಮಾ, ನಂದೇ ತಪ್ಪು. ಅವನು ತೋರಿಸಿದಾಗ ಗೊತ್ತಾಯ್ತು' ಅಂದಳು. ಆಮೇಲೆ ಮೊಸರನ್ನ ಕೇಳಿದಳು. ಅನರ್ಹರಾದರೆ ದೋಣಿಗಳ ಸಂಖ್ಯೆಗೆ ಒಂದು ಕೂಡಿಸುತ್ತಾರೆ, ಹಾಗಾಗಿ 61. ನಮ್ಮಲ್ಲಿ ಪರೀಕ್ಷೆಯಲ್ಲಿ ಅರ್ಧ ಮಾರ್ಕ್ ಹೋದರೂ ಟೀಚರಿಗೆ ಇಮೇಲ್ ಬರೆಯುವ ಪೈಕಿ ನಾನು. ಆ ಸಂಜೆ ಯಾರಿಗೂ ಏನೂ ಬರೆಯಲಿಲ್ಲ.

ಭಾನುವಾರ ರೇಸ್‌ಗಳು ಮುಗಿದ ಮೇಲೆ ಹಾಳೆ ಅಂಟಿಸಿದರು. 61 ಬ್ರ್ಯಾಕೆಟ್ಟಿನೊಳಗೆ ಇತ್ತು, ಅಂದರೆ ಲೆಕ್ಕದಿಂದ ಬಿಟ್ಟದ್ದು. ಆದರೂ ಇವಳು ಇಪ್ಪತ್ತರೊಳಗೆ ಬರಲಿಲ್ಲ.

ಅಂದಹಾಗೆ, ಆ ದಿನ ರಾಜ್ಯೋತ್ಸವದ ನೃತ್ಯಾಭ್ಯಾಸ ತಪ್ಪಿಸಿಕೊಂಡಿದ್ದಕ್ಕೆ ನಮ್ಮ ನೃತ್ಯದ ಟೀಚರ್ ಬೇಜಾರಾಗಿದ್ದಾರೆ. ನೀರಿನಲ್ಲಿ ಆಡುವ ಮಕ್ಕಳು ನಮ್ಮ ನೃತ್ಯದ ಗುಂಪಿನಲ್ಲಿ ಇನ್ನೂ ಕೆಲವರಿದ್ದಾರೆ. ಅದಕ್ಕೇ ಭಾನುವಾರದ ಅಭ್ಯಾಸವನ್ನು 4ರ ಬದಲು 6 ಗಂಟೆಗೆ ಇಟ್ಟಿದ್ದೇವೆ. ಕೂದಲು ತೊಳೆದುಕೊಂಡು ಬರಲು ಅಷ್ಟು ಸಮಯ ಸಾಕು ಅಲ್ವಾ?