ಪರೀಕ್ಷಾ ಹಾರಾಟಕ್ಕೆ ಮಳೆಗಾಲದ ಮುಂಬೈ ಆಕಾಶವೇ ಬೇಕೆ?

ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ,

ಮಾನ್ಯರೇ,

2018ರ ಜೂನ್ 28ರ ಮಧ್ಯಾಹ್ನ ಮುಂಬೈಯ ಘಾಟ್‌ಕೋಪರ್‌ನಲ್ಲಿ, ಮನೆಗಳ ನಡುವೆ ಕಟ್ಟುತ್ತಿದ್ದ ಕಟ್ಟಡದ ಬಳಿ ಕಿಂಗ್ ಏರ್ ಸಿ-90 ಎಂಬ ಚಿಕ್ಕ ವಿಮಾನ ಬಿತ್ತು. ಅದರಲ್ಲಿದ್ದ ನಾಲ್ವರೂ, ದಾರಿಹೋಕರೊಬ್ಬರೂ ಸತ್ತರು. ಕೂಲಿಯಾಳುಗಳು ಊಟಕ್ಕೆ ಹೋಗಿದ್ದ ಹೊತ್ತು. ಇಲ್ಲದಿದ್ದರೆ ಸಾವಿನ ಲೆಕ್ಕವೇ ಬೇರೆಯಾಗುತ್ತಿತ್ತು.

ಮುಂಬೈಯ ಜುಹು ವಿಮಾನ ನಿಲ್ದಾಣದಿಂದ ಅದು ಹೊರಟದ್ದು ರಿಪೇರಿಯ ನಂತರದ ಪರೀಕ್ಷಾ ಹಾರಾಟಕ್ಕೆ. ತನಿಖೆ ಹೇಳಿದ ಕಾರಣ ಸ್ಟಾಲ್. ಸ್ಟಾಲ್ ಅಂದರೆ ಎಂಜಿನ್ ನಿಲ್ಲುವುದಲ್ಲ. ವೇಗ ಇಳಿದು, ಮೂತಿ ಮೇಲೆದ್ದು, ರೆಕ್ಕೆಗೆ ಗಾಳಿ ಬಡಿಯುವ ಕೋನ ಸುಮಾರು 15 ಡಿಗ್ರಿ ದಾಟಿದರೆ ರೆಕ್ಕೆಯ ಮೇಲಿನ ಗಾಳಿ ಹರಿವು ಕಿತ್ತುಹೋಗಿ ವಿಮಾನ ಕುಸಿಯುತ್ತದೆ. ಮೂತಿ ತಗ್ಗಿಸಿ, ರೆಕ್ಕೆ ಸಮಮಾಡಿ, ಪವರ್ ಕೊಟ್ಟರೆ ಚೇತರಿಸಿಕೊಳ್ಳುತ್ತದೆ, ಆದರೆ ಕೆಳಗೆ ನೂರಾರು ಅಡಿ ಖಾಲಿ ಇರಬೇಕು. ಇಳಿಯಲು ಬರುತ್ತಿರುವ ವಿಮಾನಕ್ಕೆ ಆ ಎತ್ತರ ಎಲ್ಲಿಯದು? ಮಳೆಮೋಡದಲ್ಲಿ ದಿಗಂತ ಮರೆಯಾದರಂತೂ ವಾಲಿದ್ದೇ ನೇರವೆಂದು ಒಳಕಿವಿ ನಂಬಿಸುತ್ತದೆ.

ಬಹುಕಾಲ ನಿಂತ ಯಾವುದೇ ವಿಮಾನದ ಪಿಟೋ ಕೊಳವೆಯಲ್ಲಿ (ವೇಗ ಅಳೆಯಲು ಎದುರುಗಾಳಿ ಹಿಡಿಯುವ ಕೊಳವೆ) ಕಣಜ ಗೂಡು ಕಟ್ಟಿದರೆ ವೇಗಮಾಪಕ ಸುಳ್ಳು ಹೇಳುತ್ತದೆ. ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ, ರಬ್ಬರ್ ಸೀಲುಗಳು ಬಿರಿಯುತ್ತವೆ, ಬಿಚ್ಚಿ ಜೋಡಿಸಿದ ಕಂಟ್ರೋಲ್ ಕೇಬಲ್ ಅದಲುಬದಲಾಗಿರುವುದೂ ಉಂಟು. ಇಂಥ ದೋಷಗಳಲ್ಲಿ ಬಹುಪಾಲು ನೆಲದಲ್ಲೇ ಸಿಕ್ಕಿಬೀಳುತ್ತವೆ. ತಪ್ಪಿಸಿಕೊಂಡದ್ದನ್ನು ಹುಡುಕುವುದೇ ಪರೀಕ್ಷಾ ಹಾರಾಟ. ಅಂಥ ವಿಮಾನವನ್ನು ಕೆಟ್ಟ ಹವೆಯಲ್ಲಿ ಜನರ ತಲೆಯ ಮೇಲೆ ಹಾರಿಸುವುದು ನಮಗೆ ಅರ್ಥವಾಗದ ಸಂಗತಿ. 2011ರ ಮೇ 25ರ ರಾತ್ರಿ ಫರೀದಾಬಾದ್‌ನಲ್ಲಿ ಏರ್ ಆಂಬುಲೆನ್ಸ್ ಮನೆಗಳ ಮೇಲೆ ಬಿದ್ದು 10 ಮಂದಿ ಸತ್ತಾಗಲೂ ಹವೆ ಕೆಟ್ಟಿತ್ತು.

ವಿಮಾನ ನಿಲ್ದಾಣದ ನಿಯಂತ್ರಿತ ವಲಯದಲ್ಲಿ ಹೊರಗೆ ಕಣ್ಣಿಂದ ನೋಡುತ್ತ ಹಾರುವ ಹಾರಾಟಕ್ಕೆ 5 ಕಿ.ಮೀ. ಗೋಚರತೆ, 1,500 ಅಡಿ ಮೇಲೆ ಮೋಡ ಎಂಬ ಮಿತಿಯಿದೆ. ವಿಶೇಷ ಅನುಮತಿ ಪಡೆದರೆ ಅದಕ್ಕಿಂತ ಕಡಿಮೆಯಲ್ಲೂ ಹಾರಬಹುದು. ಪರೀಕ್ಷಾ ಹಾರಾಟಕ್ಕೆ ಆ ಸಡಿಲಿಕೆಯನ್ನು ತೆಗೆದುಹಾಕಿ. ಮೊದಲ ಹಾರಾಟ ಊರಾಚೆಯ ಬಯಲಿನ ಕಡೆಗೇ ಇರಲಿ, ಎಂಜಿನ್ ಮತ್ತು ಪ್ರೊಪೆಲ್ಲರ್ ತಪಾಸಣೆ ಅಲ್ಲಿ ಸಾಕಷ್ಟು ಎತ್ತರದಲ್ಲಿ ನಡೆಯಲಿ. ವಿಮಾನದಲ್ಲಿ ಅಗತ್ಯವಿದ್ದಷ್ಟೇ ಜನರಿರಲಿ. ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಬಾಡಿಗೆ ಏರುತ್ತದೆಂದು ಮಾಲೀಕರು ಗೊಣಗುತ್ತಾರೆ; ಗೊಣಗಲಿ.

ಇನ್ನೊಂದು: ಹವೆ ನೋಡಿ 'ಇಂದು ಬೇಡ' ಎನ್ನುವ ಹಕ್ಕನ್ನು ನಿರ್ವಹಣಾ ಎಂಜಿನಿಯರ್‌ಗೂ ಕೊಡಿ. ಹಾರಾಟದ ನಮೂನೆಯಲ್ಲಿ ಅದಕ್ಕೊಂದು ಸಹಿಯ ಸಾಲು ಸಾಕು.

ಇಂತಿ,
ವಿಮಾನ ನಿರ್ವಹಣಾ ಎಂಜಿನಿಯರುಗಳು