ಶಾಮಿಯಾನದ ಅಣ್ಣನಿಗೆ, ಮತ್ತು ವೈಟ್‌ಫೀಲ್ಡ್‌ನ ಎಲ್ಲರಿಗೂ

ಡಿ. ಎಸ್. ವೈಟ್ ಅವರ ನೆನಪಿಗೆಂದು ಇನ್ನರ್ ಸರ್ಕಲ್ ಬಳಿ ಇಟ್ಟುಕೊಂಡಿದ್ದ ಊರಹಬ್ಬ ಸುಸೂತ್ರವಾಗಿ ಮುಗಿಯಿತು. ಟಿಕೆಟ್ ಇಲ್ಲ, ಪಾಸ್ ಇಲ್ಲ, ಬಂದವರಿಗೆಲ್ಲ ಊಟ ಎಂದಿದ್ದೆವು, ಹಾಗೇ ನಡೆಯಿತು. ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ಸ್ವಂತ ಕಾಲ ಮೇಲೆ ನಿಲ್ಲಲಿ ಎಂದು ಓಡಾಡಿದವರು ವೈಟ್. 1882ರಲ್ಲಿ ಚಾಮರಾಜ ಒಡೆಯರು 3,900 ಎಕರೆ ಕೊಟ್ಟದ್ದರಿಂದ ಈ ಊರು ಹುಟ್ಟಿತು. ಟೆಕ್ ಪಾರ್ಕುಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳು ಇದನ್ನು ಕೇಳಿಸಿಕೊಳ್ಳಬೇಕಿತ್ತು.

ಹಿಂದಿನ ರಾತ್ರಿಯ ಮಳೆ ಎಲ್ಲರಿಗೂ ಗೊತ್ತು. ಅಲ್ಲಿ ಉಳಿದವರು ಯಾರು ಎಂಬುದು ಎಲ್ಲರಿಗೂ ಗೊತ್ತಾಗಲಿ.

ಅಣ್ಣ, 15 ಅಡಿ ಚೌಕದ ಒಂದು ಅಂಕಣದ ಮೇಲೆ ಒಂದು ಇಂಚು ಮಳೆ ನಿಂತರೆ 500 ಲೀಟರಿಗೂ ಹೆಚ್ಚು ನೀರು, ಅಂದರೆ ಅರ್ಧ ಟನ್ ಭಾರ. ಟಾರ್ಪಾಲಿನ್ ಹರಿಯುವುದಕ್ಕೆ ಮುಂಚೆ ಕಂಬವೇ ಬಾಗುತ್ತದೆ. ನೀವು ಬೊಂಬಿನ ತುದಿಗೆ ಗೋಣಿ ಸುತ್ತಿ, ನೀರು ತುಂಬಿ ಜೋತಿದ್ದ ಕಡೆಯೆಲ್ಲ ಒಳಬದಿಯಿಂದ ಅಂಚಿನತ್ತ ಮೆಲ್ಲಗೆ ಎತ್ತುತ್ತಾ ಹೋದಿರಿ. ನಡುವೆ ತಿವಿದರೆ ನೀರು ಪಕ್ಕದ ಅಂಕಣಕ್ಕೆ ಉರುಳುತ್ತದೆ, ಬಟ್ಟೆಯೂ ತೂತಾಗುತ್ತದೆ. ನಡುಗಂಬಗಳನ್ನು ಎರಡಡಿ ಏರಿಸಿ ಇಳಿಜಾರು ಮಾಡಿದ್ದೂ, ನೆನೆದು ಬಿಗಿದ ನೂಲಿನ ಹಗ್ಗ ಗೂಟ ಕೀಳದಂತೆ ಒಂದೊಂದನ್ನೇ ಸಡಿಲಿಸಿದ್ದೂ, ಕೆಸರಲ್ಲಿ ಗೂಟ ನಿಲ್ಲದ ಕಡೆ ಮರಳಿನ ಮೂಟೆಗೆ ಕಟ್ಟಿದ್ದೂ ನೀವೇ. ಜನರೇಟರನ್ನು ಹಲಗೆ ಮೇಲೆ ಏರಿಸಿ, ವೈರುಗಳನ್ನು ನೆಲದಿಂದ ಎತ್ತಿ ಕಟ್ಟಿಸುವವರೆಗೆ ದೀಪ ಹಾಕಲು ಬಿಡಲಿಲ್ಲ. ಟಾರ್ಚ್ ಬೆಳಕಲ್ಲೇ ಅಷ್ಟೂ ಕೆಲಸ.

ನಡುರಾತ್ರಿ ದಾಟಿದ ಮೇಲೆ, ಬೇಡ, ಬಿಚ್ಚಿಬಿಡೋಣ ಎಂಬ ಮಾತು ನಮ್ಮಲ್ಲೇ ಬಂತು. ಕೆಲವರ ಕಣ್ಣಲ್ಲಿ ನೀರಿತ್ತು. ತಿಂಗಳುಗಟ್ಟಲೆ ಮನೆಮನೆ ತಿರುಗಿ ಕರೆದ ಹಿರಿಯರಿಗೆ ಏನು ಹೇಳುವುದು? ನೀವು ಸಮಾಧಾನವನ್ನೂ ಹೇಳಲಿಲ್ಲ. "ಸುತ್ತ ಕಾಲುವೆ ತೆಗೀರಿ, ಒಂದು ಗುದ್ದಲಿ ಆಳ ಸಾಕು" ಎಂದಿರಿ. ಕೈಗೆ ಕೆಲಸ ಸಿಕ್ಕಿತು, ಉಸಿರು ಬಂತು. ಬೆಳಗಿನ ಹೊತ್ತಿಗೆ ಶಾಮಿಯಾನದ ಒಳಗಿನ ನೆಲ ಜಮಖಾನ ಹಾಸುವಷ್ಟು ಗಟ್ಟಿಯಾಗಿತ್ತು.

ಅಡುಗೆಯವರಿಗೂ ನಮಸ್ಕಾರ: ಬೇಳೆ ಪೂರ್ತಿ ಬೆಂದ ಮೇಲೆಯೇ ಹುಣಸೆರಸ ಬಿಟ್ಟರು, ಮೊದಲೇ ಹುಳಿ ಬಿದ್ದರೆ ಬೇಳೆ ಕರಗುವುದಿಲ್ಲ, ಬಿಸಿಬೇಳೆಬಾತ್ ಇಟ್ಟಷ್ಟೂ ಗಟ್ಟಿಯಾಗುತ್ತದೆಂದು ಪಕ್ಕದಲ್ಲೇ ಕುದಿನೀರಿನ ಹಂಡೆ ಇಟ್ಟುಕೊಂಡು ಕೊನೆಯ ಪಂಕ್ತಿಗೂ ಹದವಾಗಿ ಬಡಿಸಿದರು. ಹಳೆಯ ಫೋಟೋ ತಂದ ಆಂಗ್ಲೋ-ಇಂಡಿಯನ್ ಮನೆತನಗಳ ಹಿರಿಯರಿಗೆ, ಧ್ವನಿವರ್ಧಕದವರಿಗೆ, ಬೆಳಗ್ಗೆಯೇ ಕಸ ಎತ್ತಿದ ಪೌರಕಾರ್ಮಿಕರಿಗೆ, ನೀರಿನ ಟ್ಯಾಂಕರ್ ಕಳಿಸಿದವರಿಗೆ, ಚಂದಾ ಕೊಟ್ಟು ಹೆಸರು ಬೇಡ ಎಂದವರಿಗೆ ಮನಸಾರೆ ವಂದನೆ.

ಅಣ್ಣ, ನಿಮ್ಮ ಬಿಲ್ಲು ನೋಡಿದೆವು. ಅದರಲ್ಲಿ ಬಾಡಿಗೆ ಮಾತ್ರ ಇದೆ, ಆ ರಾತ್ರಿಯ ಕೂಲಿ ಇಲ್ಲ. ನಿಮ್ಮದು, ನಿಮ್ಮ ಹುಡುಗರದು ಎಲ್ಲ ಸೇರಿಸಿ ಬರೆದು ಕಳಿಸಿ. ಅದು ಬರುವವರೆಗೆ ನಾವು ಲೆಕ್ಕ ಮುಗಿಸುವುದಿಲ್ಲ.