ಸಾತೊ ಮೇಜಿನಲ್ಲಿ ಸಿಕ್ಕ ಕಾಗದ

ಪ್ರಿಯ ಸುಹಾಸ್,

ಜಪಾನಿನ ಪ್ರಧಾನಿಯಾಗಿದ್ದ ಸಾತೊ ಐಸಾಕು ಅವರ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಮೊದಲ ಸಾಲಿನಲ್ಲೇ ಅವರನ್ನು ಆಷಾಢಭೂತಿ ಎಂದುಬಿಟ್ಟಿದ್ದೀರಿ. ತೀರ್ಪು ಓದಿಯಾದ ಮೇಲೆ ವಿಚಾರಣೆಗೆ ಯಾರು ಕೂರುತ್ತಾರೆ?

1967ರಲ್ಲಿ ಅವರು ಸಂಸತ್ತಿನಲ್ಲಿ ನಿಂತು, ಅಣ್ವಸ್ತ್ರವನ್ನು ಇಟ್ಟುಕೊಳ್ಳುವುದಿಲ್ಲ, ತಯಾರಿಸುವುದಿಲ್ಲ, ದೇಶದೊಳಕ್ಕೆ ಬಿಡುವುದಿಲ್ಲ ಎಂದರು. 1969ರ ನವೆಂಬರಿನಲ್ಲಿ, ಆಗ ಅಮೆರಿಕದ ಆಡಳಿತದಲ್ಲಿದ್ದ ಒಕಿನಾವಾ ದ್ವೀಪ ಜಪಾನಿಗೆ ಮರಳಿದ ಮೇಲೂ, ತುರ್ತು ಬಂದರೆ ಅಮೆರಿಕ ಅಲ್ಲಿಗೆ ಅಣ್ವಸ್ತ್ರ ತರಬಹುದೆಂಬ ಗುಟ್ಟಿನ ಕಾಗದಕ್ಕೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಜೊತೆ ಸಹಿ ಹಾಕಿದರು. 1972ರಲ್ಲಿ ಒಕಿನಾವಾ ಮರಳಿತು, 1974ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಇಷ್ಟನ್ನು ತಾರೀಖಿನ ಸಮೇತ ಜೋಡಿಸಿಟ್ಟರೆ ಸಾಕು, ಬೈಗುಳದ ಕೆಲಸವನ್ನು ಓದುಗ ತಾನೇ ಮಾಡಿಕೊಳ್ಳುತ್ತಾನೆ. ಅಥವಾ ಮಾಡದೆಯೂ ಇರಬಹುದು, ಆ ಸ್ವಾತಂತ್ರ್ಯ ಅವನಿಗಿರಲಿ.

ನೀವು ಒಂದೇ ವಾಕ್ಯದಲ್ಲಿ ದಾಟಿಹೋದ ಜಾಗದಲ್ಲೇ ನಾನಾಗಿದ್ದರೆ ಕುಳಿತುಬಿಡುತ್ತಿದ್ದೆ. ಆ ಮಾತುಕತೆಯಲ್ಲಿ ಸಾತೊ ಅವರ ಗುಪ್ತ ದೂತರಾಗಿದ್ದ ಪ್ರಾಧ್ಯಾಪಕ ವಕೈಜುಮಿ ಕೇ 1994ರಲ್ಲಿ ಎಲ್ಲವನ್ನೂ ಬರೆದರು. ಕಲಾವಸ್ತು ನೋಡುವ ನೆಪದಲ್ಲಿ ನಾಯಕರಿಬ್ಬರೂ ಪಕ್ಕದ ಸಣ್ಣ ಕೋಣೆಗೆ ಸರಿಯುವ ಉಪಾಯವೂ ಅದರಲ್ಲಿದೆ. ಅಂಥದ್ದೇನೂ ಇಲ್ಲವೆಂದು ಸರ್ಕಾರ ಸಾಧಿಸುತ್ತಲೇ ಇತ್ತು. 2009ರ ಡಿಸೆಂಬರಿನಲ್ಲಿ ನೋಡಿದರೆ, ಆ ಕಾಗದ ಸಾತೊ ಕುಟುಂಬದವರ ಬಳಿಯೇ ಇದೆ! ಸಾತೊ ಬಳಸುತ್ತಿದ್ದ ಮೇಜಿನಲ್ಲಿ ಸಿಕ್ಕಿತ್ತಂತೆ. ರಾಷ್ಟ್ರದ ಕಾಗದ ಸಚಿವಾಲಯದ ಕಡತ ಬಿಟ್ಟು ಮನೆ ಸೇರಿದ್ದೇಕೆ? ನಿಮ್ಮ ಲೇಖನ ಹುಟ್ಟಬೇಕಾದದ್ದು ಈ ಪ್ರಶ್ನೆಯಿಂದ.

ಗುಪ್ತ ಒಪ್ಪಂದಗಳ ತನಿಖೆಗೆ ವಿದೇಶಾಂಗ ಸಚಿವಾಲಯ ನೇಮಿಸಿದ ತಜ್ಞರ ಸಮಿತಿಗೆ ಇತಿಹಾಸಕಾರ ಕಿತಾಒಕಾ ಶಿನ್‌ಇಚಿ ಮುಖ್ಯಸ್ಥರಾಗಿದ್ದರು. ಸಾತೊ ಆ ಕಾಗದವನ್ನು ತಮ್ಮ ನಂತರದ ಪ್ರಧಾನಿಗಳಿಗೆ ಒಪ್ಪಿಸಿದಂತೆ ಕಾಣುವುದಿಲ್ಲ, ಹಾಗಾಗಿ ಅದನ್ನು ಗುಪ್ತ ಒಪ್ಪಂದವೆಂದೇ ಕರೆಯಬೇಕಾಗಿಲ್ಲ ಎಂದು 2010ರಲ್ಲಿ ಸಮಿತಿ ಹೇಳಿತು. ನನಗೆ ಈ ತೀರ್ಮಾನ ಪೂರ್ತಿ ಒಪ್ಪಿಗೆಯಿಲ್ಲ. ಕೊಟ್ಟ ಮಾತನ್ನು ಬಚ್ಚಿಟ್ಟರೆ ಅದು ಮಾತಲ್ಲದೆ ಹೋಗುತ್ತದೆಯೆ? ಆದರೆ ಅವರು ಕೇಳಿದ ಪ್ರಶ್ನೆಯನ್ನು ಕಲಿಯಿರಿ. ಸಹಿ ಯಾರದೆಂದು ನೋಡಿ ಅವರು ಸುಮ್ಮನಾಗಲಿಲ್ಲ, ಆಮೇಲೆ ಕಾಗದ ಯಾರ ಕೈಗೆ ಹೋಯಿತೆಂದು ಹುಡುಕಿದರು. ನಿಮ್ಮ ಬರಹದಲ್ಲಿ ಕಾಗದಗಳಿಗೆ ಕೈಗಳೇ ಇಲ್ಲ.

ಇನ್ನೊಂದು ಸಣ್ಣ ತಿದ್ದುಪಡಿ. ಸಾತೊಗಿಂತ ಮೊದಲು ಪ್ರಧಾನಿಯಾಗಿದ್ದ ಕಿಶಿ ನೊಬುಸುಕೆಯನ್ನು ಸಾತೊ ಅವರ 'ಹಿರಿಯ ಸಹೋದ್ಯೋಗಿ' ಎಂದಿದ್ದೀರಿ. ಅವರು ಒಡಹುಟ್ಟಿದ ಅಣ್ಣ. ಇಬ್ಬರ ತಂದೆ ಕಿಶಿ ಮನೆತನದಲ್ಲಿ ಹುಟ್ಟಿ ಸಾತೊ ಮನೆಯ ಅಳಿಯನಾಗಿ ಆ ಹೆಸರು ಪಡೆದವರು. ನೊಬುಸುಕೆ ತಂದೆಯ ತವರಿಗೇ ದತ್ತು ಹೋದರು. ಮನೆತನದ ಹೆಸರು ಬೇರೆಯಾದದ್ದು ಹಾಗೆ.

ಹೊಸ ಕರಡು ಸಿದ್ಧವಾದಾಗ ಕಳುಹಿಸಿ. ಮೊದಲ ಪುಟದಲ್ಲಿ ಆ ಮೇಜು ಇದೆಯೇ ಎಂದು ನೋಡುತ್ತೇನೆ.

ನಿಮ್ಮ ಹಿತೈಷಿ